ಫೋನ್ ನೀರಿಗೆ ಬಿತ್ತಾ? ಅಕ್ಕಿ ಡಬ್ಬಿ ಆಮೇಲೆ, ಮೊದ್ಲು ಯಾವ ನೀರು ಅಂತ ಹೇಳಿ

ಮಳೆಗಾಲ ಶುರು ಆಯ್ತು ಅಂದ್ರೆ ನನ್ನ ಟೇಬಲ್ ಮೇಲೆ ಅಕ್ಕಿ ಬೀಳ್ತದೆ. ತಮಾಷೆ ಅಲ್ಲ, ಖರೇ ಅಕ್ಕಿ. ಫೋನ್ ತಿರುಗ್ಸಿ ಸ್ವಲ್ಪ ತಟ್ಟಿದ್ರೆ ಚಾರ್ಜಿಂಗ್ ಹೋಲಿಂದ ಒಂದು ನುಚ್ಚು ಬೀಳ್ತದೆ, ಸ್ಪೀಕರ್ ಜಾಲಿಯಲ್ಲಿ ಬಿಳಿ ಹಿಟ್ಟು ಕೂತಿರ್ತದೆ, ತಂದವ್ರು ಮಾತ್ರ ಭಾಳ ನಂಬಿಕೆಯಿಂದ "ಅಣ್ಣಾ, ನಾಲ್ಕು ದಿವ್ಸ ಅಕ್ಕಿಯಲ್ಲೇ ಇಟ್ಟಿದ್ದೆ, ಆದ್ರೂ ಆನ್ ಆಗ್ತಾ ಇಲ್ಲ" ಅಂತಾರೆ. ಆ ನಾಲ್ಕು ದಿವ್ಸನೇ ಫೋನ್ ಕೊಂದಿದ್ದು ಅಂತ ಹೇಳೋಕೆ ನಂಗೂ ಬಾಯಿ ಬರೋದಿಲ್ಲ.

ನಾನು ರಿಪೇರಿ ಕೆಲ್ಸ ಮಾಡೋದು ಕಾರವಾರದಲ್ಲಿ, ಮನೆ ಇರೋದು ಶಿರಸಿ ಕಡೆ. ಹಾಗಾಗಿ ನಂಗೆ ಎರಡು ತರದ ನೀರಿನ ಫೋನ್ ಬರ್ತವೆ, ಘಟ್ಟದ ಮೇಲಿನ ಮಳೆ ನೀರು ಕುಡಿದಿದ್ದು ಮತ್ತೆ ಸಮುದ್ರದ ಉಪ್ಪು ನೀರು ಕುಡಿದಿದ್ದು. ಎರಡಕ್ಕೂ ಒಂದೇ ಔಷಧ ಅಲ್ಲ. ಇಂಟರ್ನೆಟ್ಟಲ್ಲಿ ಸಿಗೋ ಸಲಹೆ ಎಲ್ಲಾ ಟಾಯ್ಲೆಟ್ಟಿಗೆ ಬಿದ್ದ ಫೋನ್, ಸಿಂಕಿಗೆ ಬಿದ್ದ ಫೋನ್ ಅಂತ ಬರ್ದಿರೋದು, ನಮ್ಮ ಕರಾವಳಿಗೆ ಅದು ಅರ್ಧ ಮಾತ್ರ ಸರಿ. ಅದಕ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ಮೊದಲ ಐದು ನಿಮಿಷ

ನೀರಿಂದ ಎತ್ತಿದ ಕೂಡ್ಲೆ ಎಲ್ರೂ ಮಾಡೋದು ಒಂದೇ ಕೆಲ್ಸ, ಲುಂಗಿಗೋ ಅಂಗಿಗೋ ಸ್ಕ್ರೀನ್ ಒರೆಸಿ ವಾಟ್ಸಾಪ್ ಓಪನ್ ಮಾಡಿ ನೋಡೋದು, ವರ್ಕ್ ಆಗ್ತಾ ಇದ್ರೆ "ಏನೂ ಆಗ್ಲಿಲ್ಲ" ಅಂತ ಜೇಬಿಗೆ ಹಾಕೋದು. ವರ್ಕ್ ಆಗ್ತಾ ಇರೋದೇ ತೊಂದರೆ ಮಾರಾಯ್ರೆ. ಬರೀ ನೀರು ಬೋರ್ಡನ್ನ, ಅಂದ್ರೆ ಫೋನ್ ಒಳಗಿನ ಸರ್ಕ್ಯೂಟ್ ಹಲಗೆಯನ್ನ, ಅಷ್ಟು ಬೇಗ ತಿನ್ನೋದಿಲ್ಲ, ನೀರು ಮತ್ತೆ ಕರೆಂಟು ಒಟ್ಟಿಗೆ ಸೇರಿದ್ರೆ ತಿಂತದೆ. ನೀರನ್ನ ಒಡೆಯೋಕೆ 1.23 ವೋಲ್ಟ್ ಸಾಕು, ನಿಮ್ಮ ಬ್ಯಾಟರಿಯಲ್ಲಿ 3.8 ವೋಲ್ಟ್ ಹತ್ರ ಇರ್ತದೆ, ಫುಲ್ ಚಾರ್ಜ್ ಆಗಿದ್ರೆ 4.2ಕ್ಕೂ ಮೇಲೆ. ಅಂದ್ರೆ ಫೋನ್ ಆನ್ ಇರುವಷ್ಟು ಹೊತ್ತೂ ಒಳಗಡೆ ತಾಮ್ರ ಕರಗಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗ್ತಾ ಇರ್ತದೆ, ಬಚ್ಚಲ ಮನೆ ಹಂಡೆಗೆ ಹಿಡಿಯೋ ಹಸಿರು ಕಿಲುಬು ಉಂಟಲ್ಲ, ಅದೇ ಕಿಲುಬು ಬೋರ್ಡಿಗೂ ಹಿಡೀತದೆ, ಹಂಡೆಗೆ ವರ್ಷ ಬೇಕು, ಇದಕ್ಕೆ ಕೆಲವು ಸಲ ಒಂದು ರಾತ್ರಿ ಸಾಕು.

ಹಾಗಾಗಿ ಆಫ್ ಮಾಡಿ. ಈಗಿನ ಎಷ್ಟೋ ಫೋನಲ್ಲಿ ಪವರ್ ಬಟನ್ ಒತ್ತಿ ಹಿಡಿದ್ರೆ ಗೂಗಲ್ಲಿನವ್ರು ಮಾತಾಡೋಕೆ ಬರ್ತಾರೆ, ಆಫ್ ಆಗೋದಿಲ್ಲ. ಪವರ್ ಜೊತೆ ವಾಲ್ಯೂಮ್ ಮೇಲಿನ ಬಟನ್ ಒತ್ತಿ ಹಿಡೀರಿ, ಇಲ್ಲಾ ಮೇಲಿಂದ ಪರದೆ ಕೆಳಗೆ ಎಳೆದ್ರೆ ಅಲ್ಲಿ ಪವರ್ ಚಿಹ್ನೆ ಇರ್ತದೆ. ಐಫೋನಲ್ಲಿ ಸೈಡ್ ಬಟನ್ ಮತ್ತೆ ಯಾವ್ದಾದ್ರೂ ಒಂದು ವಾಲ್ಯೂಮ್ ಬಟನ್. ಈ ಮಾತು ಇವತ್ತೇ, ಫೋನ್ ಒಣಗಿರುವಾಗ್ಲೇ ಒಂದು ಸಲ ಮಾಡಿ ನೋಡಿ ಇಟ್ಕೊಳ್ಳಿ, ನೀರಿಂದ ಎತ್ತಿದ ಗಾಬರಿಯಲ್ಲಿ ನೆನಪಾಗೋದಿಲ್ಲ. ಟಚ್ ಸತ್ತುಹೋಗಿ ಆಫ್ ಮಾಡೋಕೇ ಆಗ್ತಿಲ್ಲ ಅಂದ್ರೆ ಬಟನ್ ಒತ್ತಿ ಒತ್ತಿ ರೀಸ್ಟಾರ್ಟ್ ಮಾಡ್ತಾ ಕೂರ್ಬೇಡಿ, ಹತ್ರದ ರಿಪೇರಿಯವ್ರ ಹತ್ರ ಓಡಿ, ಹಿಂದಿನ ಕವರ್ ತೆಗ್ದು ಬ್ಯಾಟರಿ ಕನೆಕ್ಟರ್ (ಬ್ಯಾಟರಿಯನ್ನ ಬೋರ್ಡಿಗೆ ಸೇರಿಸೋ ಕೊಂಡಿ) ಎತ್ತಿಬಿಡಿ ಅಂತ ಹೇಳಿ, ಬಾಕಿ ಕೆಲ್ಸ ಆಮೇಲಾದ್ರೂ ನಡೀತದೆ.

ಆಫ್ ಆದ್ಮೇಲೆ ಚಾರ್ಜಿಗೆ ಹಾಕ್ಬೇಡಿ. ಇದನ್ನ ದಪ್ಪ ಅಕ್ಷರದಲ್ಲಿ ಬರ್ದು ಗೋಡೆಗೆ ಹಚ್ಚಿದ್ರೂ ಜನ ಹಾಕ್ತಾರೆ. ಬಾಯಿಂದ ಊದ್ಬೇಡಿ, ಊದಿದ್ರೆ ನೀರು ಒಳಗೇ ಹೋಗ್ತದೆ. ಜೋರಾಗಿ ಕೊಡವ್ಬೇಡಿ, ಒಂದು ಮೂಲೆಯಲ್ಲಿದ್ದ ನೀರು ಕ್ಯಾಮೆರಾ ತನಕ ಹೋಗ್ತದೆ. ಫೋನಿಗೆ ಮೇಲಿಂದ ಹಾಕಿರೋ ಬ್ಯಾಕ್ ಕವರ್ ತೆಗೀರಿ, ಹೊರಗಡೆ ಎಲ್ಲಾ ಒಣ ಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ಹೋಲ್ ಕೆಳಗೆ ಮಾಡಿ ಹಿಡ್ಕೊಂಡು ಅಂಗೈ ಮೇಲೆ ಮೆಲ್ಲಗೆ ನಾಲ್ಕು ಸಲ ತಟ್ಟಿ.

ಈ ಮಧ್ಯೆ ಫೋನ್ ಬಿಸಿ ಆಗ್ತಾ ಇದ್ರೆ, ಸುಂಯ್ ಅಂತ ಸದ್ದು ಬಂದ್ರೆ, ಏನೋ ಸಿಹಿ ಸಿಹಿ ಕೆಮಿಕಲ್ ವಾಸನೆ ಬಂದ್ರೆ, ಇಲ್ಲಾ ಹಿಂದೆ ಉಬ್ಬಿದ್ರೆ ರಿಪೇರಿ ಮಾತು ಬಿಡಿ. ಅದು ಬ್ಯಾಟರಿ. ಮನೆ ಹೊರಗೆ, ಸುಡೋ ಸಾಮಾನು ಹತ್ರ ಇಲ್ಲದ ಕಡೆ ಕಲ್ಲಿನ ಮೇಲೋ ಮರಳಿನ ಮೇಲೋ ಇಟ್ಟು ದೂರ ಸರೀರಿ. ಉಪ್ಪು ನೀರಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿ ತಡವಾಗಿಯೂ ಬೆಂಕಿ ಹಿಡಿಯೋದುಂಟು.

ಯಾವ ನೀರು?

ಅಂಗಡಿಗೆ ಬಂದವ್ರಿಗೆ ನಾನು ಮೊದ್ಲು ಕೇಳೋದು ಇದನ್ನೇ. ಹೆಚ್ಚಿನವ್ರು ಸುಳ್ಳು ಹೇಳ್ತಾರೆ, "ಸ್ವಲ್ಪ ಮಳೆ ಹನಿ ಬಿದ್ದಿತ್ತು ಅಷ್ಟೆ" ಅಂತ. ಬಿಚ್ಚಿದ್ರೆ ಒಳಗೆ ಮರಳು ಇರ್ತದೆ. ಟಾಗೋರ್ ಬೀಚಿನ ಮರಳು ಮಳೆಯಲ್ಲಿ ಬೀಳೋದಿಲ್ಲವಲ್ಲ.

ಬಾವಿ ನೀರು, ಮಳೆ ನೀರು, ನಲ್ಲಿ ನೀರು ಆದ್ರೆ ಸ್ವಲ್ಪ ಟೈಮ್ ಸಿಗ್ತದೆ. ಸಮುದ್ರದ ನೀರಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ನಲ್ಲಿ ನೀರಿಗಿಂತ ನೂರು ಪಟ್ಟು ಹತ್ರ ಚೆನ್ನಾಗಿ ಕರೆಂಟ್ ಹರೀತದೆ ಅದ್ರಲ್ಲಿ. ಇನ್ನೊಂದು ವಿಷ್ಯ ಏನಂದ್ರೆ ನೀರು ಆರಿದ್ರೂ ಉಪ್ಪು ಆರೋದಿಲ್ಲ, ಅದು ಅಲ್ಲೇ ಕೂತಿರ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ, ಸಾಣಿಕಟ್ಟಾದ ಹರಳುಪ್ಪು ತಂದು ಇಟ್ರೆ ಜುಲೈ ಹೊತ್ತಿಗೆ ಯಾರೂ ನೀರು ಹಾಕದೇನೇ ಅದೇ ನೀರು ಬಿಟ್ಕೊಂಡಿರ್ತದೆ. ಫೋನ್ ಒಳಗಿನ ಉಪ್ಪೂ ಅದನ್ನೇ ಮಾಡ್ತದೆ, ಗಾಳಿಯಲ್ಲಿರೋ ತೇವ ಎಳ್ಕೊಂಡು ಮತ್ತೆ ಒದ್ದೆ ಆಗ್ತದೆ, ಮತ್ತೆ ಬೋರ್ಡ್ ತಿಂತದೆ. ಅದಕ್ಕೇ ಅಕ್ಕಿಯಲ್ಲಿಟ್ಟು ಆನ್ ಆದ ಫೋನ್ ಒಂದು ತಿಂಗಳು ಚೆನ್ನಾಗಿ ಓಡಿ ಒಂದು ದಿವ್ಸ ಬೆಳಿಗ್ಗೆ ಸುಮ್ನೆ ಸತ್ತಿರೋದು. "ನಿನ್ನೆ ತನಕ ಸರಿ ಇತ್ತು" ಅಂತಾರೆ. ಹೌದು, ಇತ್ತು.

ಹೊಳೆ ನೀರು ಅಂದ್ರೆ ಸಿಹಿ ನೀರು ಅಂತ ತಿಳ್ಕೊಳ್ಬೇಡಿ. ಸದಾಶಿವಗಡದ ಹತ್ರ ಕಾಳಿಯಲ್ಲಿ, ಹೊನ್ನಾವರದ ಹತ್ರ ಶರಾವತಿಯಲ್ಲಿ ಉಬ್ಬರದ ಹೊತ್ತಿಗೆ ಸಮುದ್ರದ ನೀರೇ ಒಳಗೆ ಬರ್ತದೆ. ದೋಣಿಯಲ್ಲಿ ಹೋಗಿ ಫೋಟೋ ತೆಗೀವಾಗ ಬಿದ್ದಿದ್ದು ಆದ್ರೆ ಉಪ್ಪು ನೀರು ಅಂತಲೇ ಲೆಕ್ಕ ಹಾಕಿ. ಎಳನೀರು, ಚಹಾ, ಸೋಡಾ ಇವೂ ಕೆಟ್ಟವೇ, ಒಣಗಿದ್ಮೇಲೆ ಅಂಟು ಉಳೀತದೆ.

ಘಟ್ಟದ ಮೇಲೆ ನಮ್ಮದೇ ಒಂದು ಸ್ಪೆಷಲ್ ಕೇಸ್ ಉಂಟು, ಅದು ಬೋರ್ಡೋ. ಅಡಿಕೆ ಕೊಳೆಗೆ ಹೊಡೆಯೋ ಮದ್ದು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ. ಒಂದು ಮಳೆಗಾಲ ಸೋದರಮಾವನ ಫೋನ್ ಬಂತು, ಅಂದ್ರೆ ಅತ್ತೆ ಫೋನಿಂದ, "ತಮಾ, ಮೊಬೈಲು ಬೋರ್ಡೋ ಡ್ರಮ್ಮಿಗೆ ಬಿದ್ದೋತು, ಎಂತ ಮಾಡವು ಈಗ?" ಅಂತ. ನಾನು ಹೇಳೋದ್ರೊಳಗೆ ಅವ್ರು ಅದನ್ನ ಬಚ್ಚಲ ಒಲೆ ಕಟ್ಟೆ ಮೇಲೆ ಒಣಗೋಕೆ ಇಟ್ಟಾಗಿತ್ತು. ಸುಣ್ಣ ಒಳಗೇ ಗಟ್ಟಿ ಆಯ್ತು, ಡಿಸ್ಪ್ಲೇ ಅಂಟು ಬಿಟ್ಟಿತು. ಬೋರ್ಡ್ ಮಾತ್ರ ಉಳೀತು, ಎರಡು ದಿವ್ಸ ಬ್ರಶ್ ಹಿಡ್ಕೊಂಡು ಕೂತಿದ್ದೆ.

ಈಗ ವಿಚಿತ್ರ ಅನ್ಸೋ ಮಾತು. ಸಮುದ್ರಕ್ಕೆ ಬಿದ್ದ ಫೋನನ್ನ ಮತ್ತೆ ನೀರಲ್ಲಿ ತೊಳೀಬೇಕು, ಸಿಹಿ ನೀರಲ್ಲಿ. ಐಪಿ67, ಐಪಿ68 ಅಂತ ಬಾಕ್ಸ್ ಮೇಲೆ ಬರ್ದಿರೋ ಫೋನ್ ಆದ್ರೆ ಆಫ್ ಮಾಡಿ, ಸಿಮ್ ಟ್ರೇ ಒಳಗೇ ಬಿಟ್ಟು, ಬಾವಿ ನೀರೋ ಕುಡಿಯೋ ನೀರೋ ಸಣ್ಣ ಧಾರೆಯಲ್ಲಿ ಹೊರಗಿಂದ ತೊಳೀರಿ, ಆಮೇಲೆ ಒರೆಸಿ. ಸ್ಯಾಮ್ಸಂಗಿನವ್ರೂ ತಮ್ಮ ವಾಟರ್ ರೆಸಿಸ್ಟೆಂಟ್ ಫೋನಿಗೆ ಇದನ್ನೇ ಹೇಳೋದು. ಆ ನಂಬರ್ ಇಲ್ಲದ ಸಾದಾ ಫೋನನ್ನ ನಲ್ಲಿ ಕೆಳಗೆ ಹಿಡೀಬೇಡಿ, ಒದ್ದೆ ಬಟ್ಟೆಯಲ್ಲಿ ಹೊರಗಿನ ಉಪ್ಪು ಒರೆಸಿ ಅದೇ ದಿವ್ಸ ಬಿಚ್ಚಿಸಿ. ನಾಳೆ ಅಂತ ಹೇಳಿದ್ರೆ ಉಪ್ಪು ಹರಳು ಕಟ್ಟಿರ್ತದೆ.

ಅಂದ ಹಾಗೆ ಐಪಿ67 ಅಂದ್ರೆ ಒಂದು ಮೀಟರ್ ನೀರಲ್ಲಿ 30 ನಿಮಿಷ, 68 ಅಂದ್ರೆ ಅದಕ್ಕಿಂತ ಜಾಸ್ತಿ, ಎಷ್ಟು ಅಂತ ಕಂಪನಿ ಹೇಳ್ಬೇಕು. ಆ ಟೆಸ್ಟ್ ಮಾಡೋದು ನಿಂತ ಸಿಹಿ ನೀರಲ್ಲಿ, ಹೊಸ ಫೋನ್ ಮೇಲೆ. ಮೂರು ಸಲ ಕೆಳಗೆ ಬಿದ್ದು ಒಂದು ಸಲ ಡಿಸ್ಪ್ಲೇ ಬದಲಿಸಿದ ಫೋನಿಗೆ ಆ ನಂಬರ್ ಬರೀ ಅಲಂಕಾರ. ಇನ್ನು ನೀರು ಹೋದ ಫೋನಿಗೆ ಸಾಮಾನ್ಯ ವಾರಂಟಿ ಸಿಗೋದಿಲ್ಲ, ಒಳಗೆ ಸಿಮ್ ಟ್ರೇ ಹತ್ರ ಒಂದು ಚೂರು ಬಿಳಿ ಸ್ಟಿಕ್ಕರ್ ಇರ್ತದೆ, ನೀರು ತಾಗಿದ್ರೆ ಕೆಂಪು ಆಗ್ತದೆ, ಸರ್ವಿಸ್ ಸೆಂಟರಿನವ್ರು ಟಾರ್ಚ್ ಹಾಕಿ ಮೊದ್ಲು ನೋಡೋದು ಅದನ್ನೇ.

ಬಿಚ್ಚದೆ ಒಣಗಿಸೋದು

ಇದು ಮಳೆ ನೀರು, ಸಿಂಕ್ ನೀರಿನ ಕೇಸಿಗೆ, ಸ್ವಲ್ಪ ಹೊತ್ತು ಬಿದ್ದಿದ್ದಕ್ಕೆ ಮಾತ್ರ. ಸಿಮ್ ಟ್ರೇ ಹೊರಗೆ ತೆಗೀರಿ, ಸಿಮ್ ಒರೆಸಿ ಮನೆಯಲ್ಲಿರೋ ಬೇರೆ ಫೋನಿಗೆ ಹಾಕಿ, ಬ್ಯಾಂಕ್ ಓಟಿಪಿ ಎಲ್ಲಾ ಅಲ್ಲಿ ಬರ್ತದೆ, ಆಗ ನಿಮಗೂ "ಒಂದು ಸಲ ಆನ್ ಮಾಡಿ ನೋಡೋಣ" ಅನ್ನೋ ತುರಿಕೆ ಕಮ್ಮಿ ಆಗ್ತದೆ. ಫೋನನ್ನ ಚಾರ್ಜಿಂಗ್ ಹೋಲ್ ಕೆಳಗೆ ಬರೋ ಹಾಗೆ ಒರಗಿಸಿ ನಿಲ್ಲಿಸಿ, ಎದುರಿಗೆ ಟೇಬಲ್ ಫ್ಯಾನ್ ಇಡಿ. ಒಂದು ದಿವ್ಸ ಕಮ್ಮಿ, ಎರಡು ದಿವ್ಸ ಒಳ್ಳೇದು.

ಆದ್ರೆ ನಮ್ಮಲ್ಲಿ ಜುಲೈನಲ್ಲಿ ಫ್ಯಾನ್ ಗಾಳಿಯೇ ಒದ್ದೆ. ಹಪ್ಪಳ ಮೆತ್ತಗಾಗ್ತದೆ, ಒಗೆದ ಬಟ್ಟೆ ಮೂರು ದಿವ್ಸ ಆದ್ರೂ ಆರೋದಿಲ್ಲ, ಫೋನ್ ಹೇಗೆ ಆರ್ತದೆ? ಅಂಥ ಟೈಮಲ್ಲಿ ಸಿಲಿಕಾ ಜೆಲ್ ಬೇಕು, ಚಪ್ಪಲಿ ಬಾಕ್ಸಲ್ಲಿ, ಬ್ಯಾಗಲ್ಲಿ ಬರೋ ಸಣ್ಣ ಪೊಟ್ಟಣ. ಒಂದೆರಡು ಸಾಲೋದಿಲ್ಲ, ಹದಿನೈದು ಇಪ್ಪತ್ತು ಕೂಡಿಸಿ ಮುಚ್ಚಳ ಗಟ್ಟಿ ಇರೋ ಡಬ್ಬಿಗೆ ಫೋನ್ ಜೊತೆ ಹಾಕಿ ಮುಚ್ಚಿ. ಹಳೇ ಪೊಟ್ಟಣ ಈಗಾಗ್ಲೇ ತೇವ ಕುಡಿದು ಹೊಟ್ಟೆ ತುಂಬಿರ್ತದೆ, ನೀಲಿ ಹರಳಿನದ್ದಾದ್ರೆ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಅದು ಮುಗೀತು ಅಂತ. ಎಸಿ ರೂಮ್ ಸಿಕ್ಕಿದ್ರೆ ಅಲ್ಲಿಡಿ, ಎಸಿ ಗಾಳಿಯಲ್ಲಿ ತೇವ ಕಮ್ಮಿ.

ಅಕ್ಕಿ ಯಾಕೆ ಬೇಡ ಅಂದ್ರೆ, ಮಳೆಗಾಲದ ಅಕ್ಕಿ ತಾನೇ ತೇವ ಹಿಡ್ದಿರ್ತದೆ, ಗಾಳಿ ಆಡೋದಿಲ್ಲ, ಹಿಟ್ಟು ಹೋಲ್ ಒಳಗೆ ಹೋಗಿ ಗಂಜಿ ಆಗ್ತದೆ. ಆಪಲ್ ಕಂಪನಿಯವ್ರೇ ಅಕ್ಕಿ ಚೀಲದಲ್ಲಿ ಇಡ್ಬೇಡಿ, ಅದ್ರ ಚೂರು ಒಳಗೆ ಹೋಗಿ ಹಾಳಾಗ್ತದೆ ಅಂತ ಬರ್ದಿದ್ದಾರೆ. ಕುಚಲಕ್ಕಿ ಇದ್ರೆ ಗಂಜಿ ಮಾಡಿ ಊಟ ಮಾಡಿ. ಹೇರ್ ಡ್ರೈಯರ್, ಬಿಸಿಲು, ಒಲೆ ಕಟ್ಟೆ, ಅಡಿಕೆ ಡ್ರೈಯರ್ ಇವೆಲ್ಲಾ ಬೇಡ, ಬಿಸಿಗೆ ಬ್ಯಾಟರಿ ಮತ್ತೆ ಡಿಸ್ಪ್ಲೇ ಹೋಗ್ತವೆ.

ಬರೀ ಚಾರ್ಜಿಂಗ್ ಹೋಲಲ್ಲಿ ತೇವ ಉಂಟು ಅಂತ ಹನಿ ಚಿತ್ರ ಬಂದು ಚಾರ್ಜ್ ಆಗ್ತಿಲ್ಲ ಅಂದ್ರೆ ಹೆದರ್ಬೇಡಿ, ಅರ್ಧ ಗಂಟೆ ಬಿಟ್ಟು ನೋಡಿ, ಪೂರ್ತಿ ಆರೋಕೆ ಒಂದು ದಿವ್ಸನೂ ಬೇಕಾಗ್ಬಹುದು. ಹತ್ತಿ ಕಡ್ಡಿ, ಗುಂಡುಸೂಜಿ ತೂರಿಸ್ಬೇಡಿ.

ಬಿಚ್ಚಿ ತೊಳೆಯೋದು

ಇಲ್ಲಿಂದ ಮುಂದೆ ಕೈ ಸ್ಥಿರ ಇದ್ದವ್ರಿಗೆ, ಮತ್ತೆ ಹಾಳಾದ್ರೂ ಪರ್ವಾಗಿಲ್ಲ ಅನ್ನೋ ಫೋನಿಗೆ. ಅದ್ರಲ್ಲಿ ಮಗುವಿನ ಫೋಟೋ, ತೋಟದ ಲೆಕ್ಕ ಅಂತ ಬೆಲೆ ಕಟ್ಟೋಕಾಗದ್ದು ಇದ್ದು ಬ್ಯಾಕಪ್ ಇಲ್ಲ ಅಂದ್ರೆ ಇದನ್ನ ಓದಿ, ಮಾಡ್ಬೇಡಿ, ಗೊತ್ತಿದ್ದವ್ರಿಗೆ ಕೊಡಿ.

ಬೇಕಾಗೋದು ಸಣ್ಣ ಸ್ಕ್ರೂಡ್ರೈವರ್ ಸೆಟ್ (ಐಫೋನಿಗೆ ಐದು ಎಸಳಿನ ಪೆಂಟಲೋಬ್ ಬೇರೆಯೇ ಬೇಕು), ಗಿಟಾರ್ ಪಿಕ್ ತರದ ಪ್ಲಾಸ್ಟಿಕ್ ಚೂರು, ಚಿಮಟ, ಮೆತ್ತಗಿನ ಹಲ್ಲುಜ್ಜೋ ಬ್ರಶ್, ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಮತ್ತೆ ಐಪಿಎ, ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದ್ದು. ಮೊಬೈಲ್ ಸ್ಪೇರ್ ಮಾರೋ ಕಡೆ ಸಿಗ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದ್ರಲ್ಲಿ ನೀರೇ ಸುಮಾರು ಇರ್ತದೆ. ಪೆಟ್ರೋಲ್, ಥಿನ್ನರ್ ಹಾಕೋರನ್ನೂ ನೋಡಿದ್ದೇನೆ, ಪ್ಲಾಸ್ಟಿಕ್ ಕರಗ್ತದೆ. ಐಪಿಎಗೆ ಬೆಂಕಿ ಬೇಗ ಹತ್ತೋದ್ರಿಂದ ಕಿಟಕಿ ತೆಗ್ದಿಟ್ಟು, ದೇವರ ದೀಪ ಇಲ್ಲದ ರೂಮಲ್ಲಿ ಕೂತು ಮಾಡಿ.

ಬ್ಯಾಟರಿ ಫುಲ್ ಚಾರ್ಜ್ ಇದ್ರೆ ಹೆಚ್ಚು ಹುಷಾರು, ಚೂಪು ಕಬ್ಬಿಣ ತಾಗಿಸ್ಬಾರ್ದು. ಗಾಜಿನ ಹಿಂಬದಿ ಇದ್ರೆ ಅಂಚಿಗೆ ಹೇರ್ ಡ್ರೈಯರ್ ಆಡಿಸಿ ಅಂಟು ಮೆತ್ತಗೆ ಮಾಡ್ಬೇಕು, ಬಿಸಿ ಬೇಡ ಅಂದವ್ನೇ ಈಗ ಬಿಸಿ ಅಂತಾನೆ ಅಂತ ನಗ್ಬೇಡಿ, ಇದು ಅಂಚಿಗೆ ಮಾತ್ರ, ಒಂದೆರಡು ನಿಮಿಷ, ಐಪಿಎ ಬಾಟಲಿ ಆಗ ಮುಚ್ಚಿ ದೂರ ಇರ್ಬೇಕು. ಪ್ಲಾಸ್ಟಿಕ್ ಹಿಂಬದಿ ಆದ್ರೆ ಪಿಕ್ ಹಾಕಿ ಸುತ್ತ ಸರಿಸಿದ್ರೆ ಟಕ್ ಟಕ್ ಅಂತ ಬಿಡ್ತದೆ. ಒಂದೇ ಸಲ ಎಳೀಬೇಡಿ, ಹಿಂಬದಿಯಲ್ಲಿ ಫಿಂಗರ್‌ಪ್ರಿಂಟ್ ಇದ್ರೆ ಅದ್ರ ಪಟ್ಟಿ ಹರೀತದೆ.

ಸ್ಕ್ರೂ ತೆಗೀವಾಗ ಒಂದು ಹಾಳೆ ಮೇಲೆ ಫೋನಿನ ಚಿತ್ರ ಗೀಚಿ, ಯಾವ ಜಾಗದ ಸ್ಕ್ರೂ ಆ ಜಾಗಕ್ಕೇ ಡಬಲ್ ಟೇಪಲ್ಲಿ ಅಂಟಿಸಿ. ಎಲ್ಲಾ ಒಂದೇ ತರ ಕಾಣ್ತವೆ, ಆದ್ರೆ ಅರ್ಧ ಮಿಲಿಮೀಟರ್ ಉದ್ದ ಇರೋದನ್ನ ಗಿಡ್ಡದ ಜಾಗಕ್ಕೆ ಹಾಕಿ ಬಿಗಿದ್ರೆ ಬೋರ್ಡ್ ಒಳಗಿನ ತಂತಿ ತುಂಡಾಗ್ತದೆ. ನೀರಿಂದ ಬದುಕಿದ ಫೋನ್ ಸ್ಕ್ರೂದಿಂದ ಸತ್ತಿದ್ದು ನನ್ನ ಕೈಯಲ್ಲೇ ಆಗಿದೆ, ಶುರುವಿನ ವರ್ಷದಲ್ಲಿ, ದುಡ್ಡು ವಾಪಸ್ ಕೊಟ್ಟೆ.

ಕವರ್ ತೆಗ್ದ ಮೇಲೆ ಮೊದ್ಲು ಮುಟ್ಟೋದು ಬ್ಯಾಟರಿ ಕನೆಕ್ಟರ್, ಬೇರೆ ಏನೂ ಅಲ್ಲ. ಪ್ಲಾಸ್ಟಿಕ್ ತುದಿಯಲ್ಲಿ ಮೇಲಕ್ಕೆ ಎತ್ತಿ. ಅದು ಎದ್ದ ಕ್ಷಣಕ್ಕೆ ಕಿಲುಬು ಬೆಳೆಯೋ ಸ್ಪೀಡ್ ಇಳೀತದೆ, ಆಮೇಲೆ ಚಹಾ ಕುಡಿದು ಬಂದ್ರೂ ಆಗ್ತದೆ. ಆಮೇಲೆ ಡಿಸ್ಪ್ಲೇ, ಚಾರ್ಜಿಂಗ್ ಪಟ್ಟಿ, ಕ್ಯಾಮೆರಾ, ಒಂದೊಂದೇ ಬಿಡಿಸಿ ಫೋಟೋ ತೆಗ್ದಿಟ್ಕೊಳ್ತಾ ಬೋರ್ಡ್ ಹೊರಗೆ ತೆಗೀರಿ.

ಬೋರ್ಡ್ ಕಣ್ಣಿಗೆ ಹತ್ರ ಹಿಡ್ದು ನೋಡಿ. ಹಸಿರು, ಬಿಳಿ ಪುಡಿ, ಕಪ್ಪು ಚುಕ್ಕೆ ಕಾಣ್ತದಲ್ಲ, ಅದನ್ನೇ ತೆಗೀಬೇಕು. ಉಪ್ಪು ನೀರಾದ್ರೆ ಮೊದ್ಲು ಡಿಸ್ಟಿಲ್ಡ್ ವಾಟರಲ್ಲಿ ಬರೀ ಬೋರ್ಡನ್ನ ಅದ್ದಿ ಅಲ್ಲಾಡಿಸಿ, ಯಾಕಂದ್ರೆ ಉಪ್ಪು ನೀರಲ್ಲಿ ಕರಗ್ತದೆ, ಐಪಿಎಯಲ್ಲಿ ಸರಿಯಾಗಿ ಕರಗೋದಿಲ್ಲ. ಎಷ್ಟೋ ಜನ ನೇರ ಐಪಿಎ ಹಾಕಿ ಉಜ್ಜಿ ಮುಗಿಸ್ತಾರೆ, ಉಪ್ಪು ಅಲ್ಲೇ ಉಳ್ಕೊಳ್ತದೆ. ನೀರಲ್ಲಿ ತೊಳೆದ ಮೇಲೆ ಐಪಿಎ, ಅದು ಉಳಿದ ನೀರನ್ನ ಎಳ್ಕೊಂಡು ಬೇಗ ಆರ್ತದೆ. ಬ್ರಶ್ಶಲ್ಲಿ ಒಂದೇ ದಿಕ್ಕಿಗೆ, ಪಾತ್ರೆ ತಿಕ್ಕಿದ ಹಾಗೆ ಅಲ್ಲ, ನೆರಿಗೆ ಒರೆಸಿದ ಹಾಗೆ. ಅಲ್ಲಿರೋ ಕೆಲವು ಬಿಡಿಭಾಗ 0.4 ಮಿಲಿಮೀಟರ್ ಉದ್ದ 0.2 ಅಗಲ, ಸಾಸಿವೆ ಕಾಳೂ ಅದ್ರ ಮುಂದೆ ಗುಂಡುಕಲ್ಲು, ಜೋರಾಗಿ ಉಜ್ಜಿದ್ರೆ ಹಾರಿ ಹೋಗ್ತವೆ, ಆಮೇಲೆ ಕಸಬರಿಗೆಯಲ್ಲಿ ಹುಡುಕೋಕಾಗೋದಿಲ್ಲ.

ಬೆಳ್ಳಿ ಬಣ್ಣದ ತಗಡಿನ ಮುಚ್ಚಳ ಇರ್ತವೆ, ಕೆಲವು ಎತ್ತಿದ್ರೆ ಬರ್ತವೆ, ಕೆಲವು ಬೆಸುಗೆ ಹಾಕಿದ್ದು. ನೀರು ಅದ್ರ ಕೆಳಗೇ ಅಡಗೋದು. ಬೆಸುಗೆಯದ್ದು ಬಿಚ್ಚೋಕೆ ಹಾಟ್ ಏರ್ ಮಷಿನ್ ಬೇಕು, ಅದು ಮನೆ ಕೆಲ್ಸ ಅಲ್ಲ. ಇಲ್ಲಿಗೆ ನಿಲ್ಲಿಸಿ ಅಂಗಡಿಗೆ ತಂದ್ರೆ ನಾವು ಅಲ್ಟ್ರಾಸಾನಿಕ್ ತೊಟ್ಟಿಗೆ (ಶಬ್ದದ ಅಲೆಯಿಂದ ನಡುಗಿಸಿ ತೊಳೆಯೋ ತೊಟ್ಟಿ) ಹಾಕ್ತೇವೆ.

ಡಿಸ್ಪ್ಲೇ, ಕ್ಯಾಮೆರಾ, ಸ್ಪೀಕರ್, ಬ್ಯಾಟರಿ ಇವನ್ನ ಯಾವ್ದ್ರಲ್ಲೂ ಅದ್ದಬೇಡಿ. ಡಿಸ್ಪ್ಲೇ ಪದರದ ಒಳಗೆ ಐಪಿಎ ಹೋದ್ರೆ ಕಲೆ ಹೋಗೋದಿಲ್ಲ. ಇವುಗಳ ಕನೆಕ್ಟರ್ ತುದಿ ಮಾತ್ರ ಬ್ರಶ್ಶಲ್ಲಿ ಒರೆಸಿ. ಬ್ಯಾಟರಿ ಉಬ್ಬಿದ್ರೆ, ಅಥವಾ ಫೋನ್ ಸಮುದ್ರಕ್ಕೆ ಬಿದ್ದದ್ದೇ ಆದ್ರೆ, ನಾನು ಹಳೇ ಬ್ಯಾಟರಿ ವಾಪಸ್ ಹಾಕೋದೇ ಇಲ್ಲ, ಗಿರಾಕಿ ಬೈದ್ರೂ ಸರಿ. ತೆಗ್ದ ಬ್ಯಾಟರಿ ಕಸದ ಗಾಡಿಗೆ ಹಾಕ್ಬೇಡಿ, ಅಂಗಡಿಯಲ್ಲೇ ಕೊಟ್ಟು ಹೋಗಿ.

ಆನ್ ಮಾಡೋದು

ಪೂರ್ತಿ ಜೋಡಿಸೋ ಮೊದ್ಲು ಬೋರ್ಡ್ ಕೆಲವು ಗಂಟೆ ಗಾಳಿಗೆ ಬಿಡಿ. ಮಲ್ಟಿಮೀಟರ್ (ಕರೆಂಟ್ ನೋಡೋ ಮೀಟರ್) ಇದ್ರೆ ಅದನ್ನ ಸದ್ದು ಮಾಡೋ ಕಂಟಿನ್ಯೂಟಿ ಸೆಟ್ಟಿಂಗಿಗೆ ಹಾಕಿ, ಬೋರ್ಡಿನ ಮೇಲಿನ ಬ್ಯಾಟರಿ ಕನೆಕ್ಟರಲ್ಲಿ ಪ್ಲಸ್ ಮೈನಸ್ ಮಧ್ಯೆ ಇಟ್ಟು ನೋಡಿ, ಎರಡೂ ಕಡೆ ತಿರುಗಿಸಿ ಇಟ್ರೂ ಪೀಂ ಅಂತ ಕೂಗಿದ್ರೆ ಒಳಗೆ ಶಾರ್ಟ್ ಉಂಟು, ಬ್ಯಾಟರಿ ಹಾಕ್ಲೇಬೇಡಿ. ಕೂಗದಿದ್ರೆ ಡಿಸ್ಪ್ಲೇ ಮತ್ತೆ ಬ್ಯಾಟರಿ ಮಾತ್ರ ಹಾಕಿ ಆನ್ ಮಾಡಿ. ಆನ್ ಆಯ್ತಾ, ಬೋರ್ಡ್ ಮೇಲೆ ಬೆರಳಿಟ್ಟು ನೋಡಿ, ಒಂದೇ ಜಾಗ ಸುಡ್ತಾ ಇದ್ರೆ ಆಫ್ ಮಾಡಿ. ಎಲ್ಲಾ ಸರಿ ಕಂಡ್ರೆ ಬೇರೆ ಯಾವ ಕೆಲ್ಸಕ್ಕೂ ಮೊದ್ಲು ಫೋಟೋ, ವಾಟ್ಸಾಪ್ ಬ್ಯಾಕಪ್ ತಗೊಳ್ಳಿ. ಆಮೇಲೆ ಮೈಕು, ಎರಡೂ ಕ್ಯಾಮೆರಾ, ಸ್ಪೀಕರ್, ಚಾರ್ಜಿಂಗ್ ಒಂದೊಂದೇ ನೋಡ್ತಾ ಹೋಗಿ. ಸಾಮಾನ್ಯವಾಗಿ ಮೊದ್ಲು ಹೋಗೋದು ಚಾರ್ಜಿಂಗ್ ಬೋರ್ಡ್, ಸಾದಾ ಫೋನಲ್ಲಿ ಅದು ಬೇರೆ ಪೀಸ್, ಬದಲಿಸಿದ್ರೆ ಆಯ್ತು.

ಒಂದು ತಿಂಗಳು ಕಣ್ಣಿಡಿ, ರಾತ್ರಿ ಹಾಸಿಗೆ ಪಕ್ಕ ಚಾರ್ಜಿಗೆ ಹಾಕಿ ಮಲಗ್ಬೇಡಿ. ಬಿಚ್ಚಿದ ಫೋನಿಗೆ ಹೊಸ ಅಂಟು ಹಾಕಿದ್ರೂ ಮೊದಲಿನ ವಾಟರ್‌ಪ್ರೂಫ್ ವಾಪಸ್ ಬರೋದಿಲ್ಲ.

ಅಂಗಡಿಗೆ ಕೊಡೋದಾದ್ರೆ ಮೂರು ಮಾತು ಕೇಳಿ, ಬೋರ್ಡ್ ಹೊರಗೆ ತೆಗ್ದು ತೊಳೀತೀರಾ, ಯಾವ್ದ್ರಲ್ಲಿ ತೊಳೀತೀರಾ, ಆನ್ ಆಗದಿದ್ರೆ ಎಷ್ಟು ತಗೊಳ್ತೀರಿ. ಬರೀ ಬ್ಲೋವರ್ ಹಿಡ್ದು ಹತ್ತು ನಿಮಿಷದಲ್ಲಿ ಕೊಡ್ತೇನೆ ಅಂದ್ರೆ ಫೋನ್ ವಾಪಸ್ ಇಸ್ಕೊಳ್ಳಿ. ಯಾವ ನೀರಿಗೆ ಬಿತ್ತು ಅಂತ ನಿಜ ಹೇಳಿ, ನಮ್ಗೆ ನಾಚಿಕೆ ಏನಿಲ್ಲ, ಟಾಯ್ಲೆಟ್ ಆದ್ರೆ ಗ್ಲೌಸ್ ಹಾಕ್ಕೊಳ್ತೇವೆ.

ಇನ್ನು ಬೀಳದ ಹಾಗೆ ನೋಡ್ಕೊಳ್ಳೋದು. ತೋಟಕ್ಕೆ ಹೋಗುವಾಗ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಇಟ್ಕೊಳ್ತೇವಲ್ಲ, ಮಳೆ ತಡೀತದೆ ನಿಜ, ಆದ್ರೆ ಮೈ ಬೆವರು, ಬಿಸಿ ಒಳಗೇ ಉಳ್ದು ಕೊಟ್ಟೆ ಒಳಗೂ ಹನಿ ಕಟ್ತದೆ, ಒಂದು ಕರ್ಚೀಫ್ ಸುತ್ತಿ ಆಮೇಲೆ ಕೊಟ್ಟೆಗೆ ಹಾಕಿ, ಮನೆಗೆ ಬಂದ ಕೂಡ್ಲೆ ಹೊರಗೆ ತೆಗೀರಿ. ದೇವಬಾಗಕ್ಕೋ ನೇತ್ರಾಣಿಗೋ ದೋಣಿ ಹತ್ತೋರು ಕುತ್ತಿಗೆಗೆ ಹಾಕೋ ಪೌಚ್ ತಗೊಳ್ತಾರೆ. ಹೊಸ ಪೌಚಿಗೆ ಫೋನ್ ಬದ್ಲು ಟಿಶ್ಯೂ ಪೇಪರ್ ತುಂಬಿ ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಮೇಲೊಂದು ಚೆಂಬು ಹೇರಿ. ಪೇಪರ್ ಒಂದು ಮೂಲೆ ಒದ್ದೆ ಆಗಿದ್ರೂ ಆ ಪೌಚನ್ನ ತಗೊಂಡ ಅಂಗಡಿಗೇ ವಾಪಸ್ ಕೊಡಿ.